ಬಿರುಕಿಗೊಂದು ನೀಲಿ ಪರದೆ

ನಮ್ಮ ಬೀದಿಯ ಸರ್ಕಾರಿ ಶಾಲೆಗೆ ಹೊಸ ಕಟ್ಟಡ ಬಂದು ಎರಡು ಮಳೆಗಾಲ ಕಳೆದಿರಲಿಲ್ಲ, ಗೋಡೆ ಬಾಯಿ ಬಿಟ್ಟಿತು. ಆರನೇ ತರಗತಿಯ ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಸೂರಿನವರೆಗೂ ಹೋಗಿತ್ತು. ಅದರ ಕೆಳಗಿನ ಬೆಂಚಿನಲ್ಲಿ ದರ್ಜಿಯ ಮಗಳು ಕೂರುತ್ತಿದ್ದಳು.

ಶಾಲಾ ಕಟ್ಟಡಗಳನ್ನು ನೋಡಲು ಶಾಸಕರ ಸಮಿತಿ ಬರುತ್ತದೆಂಬ ಸುದ್ದಿ ಬಂದದ್ದೇ ತಡ, ಹೆಡ್‌ಮೇಷ್ಟ್ರು ದರ್ಜಿಯ ಮನೆಗೆ ಓಡಿಬಂದು ಸೂರಿನಿಂದ ನೆಲ ಮುಟ್ಟುವಂಥ ಪರದೆ ಬೇಕೆಂದರು. ನೀಲಿಯಾದರೆ ಗಂಭೀರವಾಗಿರುತ್ತದೆ ಎಂದೂ ಸೇರಿಸಿದರು. ದರ್ಜಿ ಒಪ್ಪಿದ. ದೊಡ್ಡವರು ಬರುವಾಗ ಹರಕು ಚಾಪೆ ಒಳಗೆ ಸೇರುವುದು ಲೋಕರೂಢಿ.

ಒಪ್ಪದವಳು ಅವನ ಅತ್ತಿಗೆ. ಬೀದಿಯವರು ಅವಳನ್ನು ಕಲಾಪದಕ್ಕ ಎನ್ನುತ್ತಾರೆ. ಉಳಿದವರು ಧಾರಾವಾಹಿ ನೋಡುವ ಹಾಗೆ ಅವಳು ಟಿವಿಯಲ್ಲಿ ಸದನದ ಕಲಾಪ ನೋಡುತ್ತಾಳೆ. ಜಗಳ ಎರಡರಲ್ಲೂ ಉಂಟು, ಇದರಲ್ಲಿ ನಮ್ಮ ದುಡ್ಡೂ ಉಂಟು ಎನ್ನುವುದು ಅವಳ ವಾದ.

ಬಟ್ಟೆ ಅಳೆಯುತ್ತಿದ್ದ ಮೈದುನನನ್ನು ಅವಳು ಕೇಳಿದಳು, "ಬರ್ತಿರೋರು ನೆಂಟರೇನಪ್ಪ?"

"ದೊಡ್ಡವರು ಅತ್ತಿಗೆ. ಬೀದಿ ಮರ್ಯಾದೆ ಉಳೀಬೇಕಲ್ಲ."

"ವೈದ್ಯರ ಮುಂದೆ ಹುಣ್ಣು ಮುಚ್ಚಿಟ್ಟು ಮರ್ಯಾದೆ ಉಳಿಸ್ಕೋತೀಯಾ? ಶಾಲೆ ಕಟ್ಟೋಕೆ ದುಡ್ಡು ಒಪ್ಪೋದು ಸದನ. ಆ ದುಡ್ಡು ಗೋಡೆ ಆಯ್ತೋ, ಇನ್ನೇನಾದ್ರೂ ಆಯ್ತೋ ಅಂತ ಕೇಳೋದೂ ಅದರ ಕೆಲಸಾನೇ. ಅದಕ್ಕೇ ಈ ಸಮಿತಿ. ಕಂಡಿದ್ದನ್ನ ವರದಿ ಮಾಡ್ತಾರೆ. ನೀನು ಪರದೆ ತೋರಿಸಿದ್ರೆ, ಪರದೆ ಚೆನ್ನಾಗಿದೆ ಅಂತ ಬರೀತಾರೆ."

ದರ್ಜಿ ನಕ್ಕ. ಇವರೆಲ್ಲ ಚಹಾ ಕುಡಿದು ಹೋಗುವವರು, ಗೋಡೆಗೆ ತೇಪೆ ಹಾಕುವವರಲ್ಲ ಎಂದ. ಅಂಥವರೂ ಇರುತ್ತಾರೆಂದು ಅತ್ತಿಗೆ ಒಪ್ಪಿಕೊಂಡಳು. ಆದರೆ ಬಿರುಕನ್ನೇ ಕಾಣದವರು ಪ್ರಶ್ನೆಯನ್ನಾದರೂ ಏನೆಂದು ಕೇಳಬೇಕು ಎಂದಳು.

ಗುರುತು ಹಾಕಲು ದರ್ಜಿಗೆ ಸೀಮೆಸುಣ್ಣ ಸಿಗಲಿಲ್ಲ. ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಒಂದು ಬಿಳಿ ಚೂರು ಕಂಡಿತು. ಅದನ್ನೇ ತೆಗೆದು ನೀಲಿ ಬಟ್ಟೆಯ ಮೇಲೆ ಎಳೆದ. ಗೆರೆ ಮೂಡಲಿಲ್ಲ. ಚೂರು ಬೆರಳಲ್ಲೇ ಪುಡಿಯಾಗಿ ಮರಳಾಯಿತು.

"ಇದೇನೇ ಪುಟ್ಟಿ?"

"ನಮ್ಮ ಗೋಡೆ, ಅಪ್ಪ." ಮಗಳು ಬರೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನೆ ನನ್ನ ಪುಸ್ತಕದ ಮೇಲೆ ಬಿತ್ತು. ದೊಡ್ಡ ಚೂರೂ ಇತ್ತು, ಬಾಕ್ಸಲ್ಲಿ ಹಿಡೀಲಿಲ್ಲ."

ದರ್ಜಿ ಕೈ ಕೊಡವಲಿಲ್ಲ. ಆ ಮರಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡ. ಆಮೇಲೆ ಬಟ್ಟೆ ಮಡಿಸಿಟ್ಟು ಹೆಡ್‌ಮೇಷ್ಟ್ರ ಮನೆಗೆ ಹೋಗಿ, ಪರದೆ ಹೊಲಿಯುವುದಿಲ್ಲ ಎಂದ. ಮೇಲಿನವರು ಬೈಯುತ್ತಾರೆಂದು ಅವರು ಹೇಳುತ್ತಲೇ ಇದ್ದರು. ಇವನು ಮರಳನ್ನು ಅವರ ಮೇಜಿನ ಮೇಲೆ ಸುರಿದು, ಇದು ನನ್ನ ಮಗಳ ತಲೆಯ ಮೇಲಿದೆ ಎಂದಷ್ಟೇ ಹೇಳಿದ.

ಸಮಿತಿ ಬಂದ ದಿನ ಗೋಡೆ ಬರಿಮೈಯಲ್ಲೇ ನಿಂತಿತ್ತು. ಅಧ್ಯಕ್ಷೆ ಗೋಡೆಗೆ ಕೈಯಿಟ್ಟರು. ಗೋಡೆ ಕೈಗೇ ಬಂತು. ಚಹಾ ಆರಿಹೋಯಿತು. ಮಕ್ಕಳು ಅಂದೇ ಬೇರೆ ಕೋಣೆಗೆ ಹೋದರು. ಕಟ್ಟಿದವರೂ, ಕಟ್ಟಡ ಸರಿಯಿದೆಯೆಂದು ಸಹಿ ಹಾಕಿದವರೂ ಸಮಿತಿಯ ಮುಂದೆ ಬಂದು ಉತ್ತರಿಸಬೇಕೆಂದು ಸೂಚನೆ ಹೋಯಿತು. ಹೊಸ ಗೋಡೆ ಇನ್ನೂ ಎದ್ದಿಲ್ಲ. ಪ್ರಶ್ನೆ ಎದ್ದಿದೆ. ಕಲಾಪದಕ್ಕನ ಟಿವಿಯ ಮುಂದೆ ಈಗ ದರ್ಜಿಯೂ ಕೂರುತ್ತಾನೆ, ಗುಂಡಿ ಹೊಲಿಯುತ್ತ.

ನೀವೂ ನಿಮ್ಮ ಮಕ್ಕಳ ಶಾಲೆಯ ಗೋಡೆಯನ್ನೊಮ್ಮೆ ಸವರಿ ನೋಡಿ. ಉದುರಿದರೆ ನಿಮ್ಮ ಶಾಸಕರಿಗೆ ತಿಳಿಸಿ, ಸದನದಲ್ಲಿ ಕೇಳಿ ಎನ್ನಿ. ಸಮಿತಿ ಬಂದರೆ ಬಿರುಕಿನ ಎದುರಿಗೇ ಕುರ್ಚಿ ಹಾಕಿ. ಪರದೆ ಮನೆಯ ಕಿಟಕಿಗಿರಲಿ.