ಮೂರನೇ ನಂಬರಿನ ಬೀಗ

ಸಾಬೂನು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ದೊಡ್ಡಕ್ಕನಿಗೆ ಖಚಿತವಾಗಿ ಗೊತ್ತಿದ್ದ ಸತ್ಯ ಒಂದೇ: ಬಿಸಿ ಸಾಬೂನು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಒಂದು ಗಂಟೆ ನಿಂತಿತೆಂದರೆ ಕಲ್ಲಾಗಿ ಕೂರುತ್ತದೆ. ಆಮೇಲೆ ಅದನ್ನು ಉಳಿ ಸುತ್ತಿಗೆ ಹಿಡಿದು ಒಡೆಯಬೇಕು. ಒಡೆಯುವವರು ಅವಳ ಕೈಕೆಳಗಿನ ಏಳು ಹೆಂಗಸರು, ಮೇಲಿನವರಿಂದ ಬೈಸಿಕೊಳ್ಳುವವಳು ಅವಳು. ಅವತ್ತು ಬೆಳಿಗ್ಗೆ ಹತ್ತೂವರೆಗೆ ಮೇಲಿನ ಕೊಪ್ಪರಿಗೆಯಲ್ಲಿ ಸಾಬೂನು ತುಂಬಿಕೊಂಡು ಕಾಯುತ್ತಿತ್ತು, ಕೆಳಗೆ ಮೂರನೇ ನಂಬರಿನ ಕಲಸುವ ಯಂತ್ರದ ಸ್ವಿಚ್ಚಿಗೆ ಬೀಗ ಬಿದ್ದಿತ್ತು, ಬೀಗ ಹಾಕಿದ ಮಹಾನುಭಾವ ಮಾತ್ರ ನಾಪತ್ತೆಯಾಗಿದ್ದ.

ಮಹಾನುಭಾವ ಬೇರೆ ಯಾರೂ ಅಲ್ಲ, ಅವಳ ಬೆನ್ನಿಗೆ ಬಿದ್ದ ತಮ್ಮ. ಕಾರ್ಖಾನೆಯ ಫಿಟ್ಟರ್. ಹನ್ನೊಂದು ವರ್ಷದ ಹಿಂದೆ ಅವಳೇ ಸಾಹೇಬರ ಮುಂದೆ ನಿಂತು, ‘ನನ್ನ ತಮ್ಮ, ಕೈ ಬಂಗಾರ’ ಎಂದು ಹೇಳಿ ಸೇರಿಸಿದ್ದಳು. ಕೈ ನಿಜವಾಗಿಯೂ ಬಂಗಾರವೇ. ಆದರೆ ಮನುಷ್ಯನಿಗೆ ಕೈಯೊಂದೇ ಇದ್ದರೆ ಸಾಕೇ, ತಲೆಯೂ ಒಂದು ಬೇಕಲ್ಲ.

ಆ ಬೀಗದ ನಿಯಮ ಸರಳ. ಯಂತ್ರದ ಹೊಟ್ಟೆಯೊಳಗೆ ಇಳಿಯುವ ಮೊದಲು ಫಿಟ್ಟರ್ ಅದರ ಸ್ವಿಚ್ಚಿಗೆ ತನ್ನ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಅವನು ಒಳಗಿರುವಾಗ ಇನ್ನೊಬ್ಬರು ಯಂತ್ರ ಓಡಿಸದಿರಲಿ ಅಂತ. ಹಾಕಿದವನೇ ತೆಗೆಯಬೇಕು. ಕತ್ತರಿಸಬೇಕೆಂದರೆ ವರದಿ ಬರೆಯಬೇಕು, ವರದಿಯಲ್ಲಿ ‘ಬೀಗದ ಮಾಲೀಕ ಆ ಹೊತ್ತಿನಲ್ಲಿ ಎಲ್ಲಿದ್ದ’ ಎಂಬ ಸಾಲೊಂದಿದೆ. ಆ ಸಾಲು ತುಂಬುವುದಕ್ಕೇ ದೊಡ್ಡಕ್ಕ ಹೆದರಿದ್ದು. ಮೂರನೇ ನಂಬರಿನೊಳಗೆ ಟಾರ್ಚು ಬಿಟ್ಟು ನೋಡಿಯಾಗಿತ್ತು, ಅಲ್ಲಿ ಯಾರೂ ಇರಲಿಲ್ಲ. ಅಂದಮೇಲೆ ಇವನು ಎಂದಿನಂತೆ ಎಲ್ಲೋ ಮೂಲೆಯಲ್ಲಿ ಮಾತ್ರೆ ನುಂಗಿ ಬಿದ್ದಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಉಗ್ರಾಣ ಹುಡುಕಿದರು, ಕ್ಯಾಂಟೀನು ಹುಡುಕಿದರು, ಗಂಡಸರ ಶೌಚಾಲಯದ ಬಾಗಿಲನ್ನೂ ಬಡಿದು ಬಂದರು.

ಮಾತ್ರೆಯ ಕಥೆ ಎರಡು ವರ್ಷ ಹಳೆಯದು. ಮೋಟಾರು ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತ್ತು. ನೋವಿಗೆಂದು ಮಾತ್ರೆ ಕೊಟ್ಟದ್ದು ಕಾರ್ಖಾನೆಯದೇ ದವಾಖಾನೆ. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ದವಾಖಾನೆಯವರು ಕೈ ಎತ್ತಿದ ಮೇಲೆ ಹೊರಗಡೆ ಎಲ್ಲಿಂದಲೋ ತರಿಸಿಕೊಳ್ಳತೊಡಗಿದ. ದೊಡ್ಡಕ್ಕನಿಗೆ ಗೊತ್ತಾಗಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಂದ ಅವಳು ಅವನ ಗೈರುಹಾಜರಿ, ತಡ, ಅರ್ಧ ದಿನ ಎಲ್ಲಕ್ಕೂ ಹಾಜರಿ ಪುಸ್ತಕದಲ್ಲಿ ‘ಸೊಂಟ ನೋವು’ ಎಂದೇ ಬರೆಯುತ್ತಿದ್ದಳು. ಅಷ್ಟು ನೋವು ನಿಜವಾಗಿ ಬಂದಿದ್ದರೆ ಆ ಮನುಷ್ಯನಿಗೆ ಸೊಂಟ ಎಂಬುದೇ ಉಳಿಯುತ್ತಿರಲಿಲ್ಲ.

ಹಾಗೆಂದು ದಾರಿಯೇ ಇರಲಿಲ್ಲವೇ ಎಂದರೆ ಇತ್ತು. ಹೋದ ವರ್ಷ ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ಚಟ ಇದ್ದವರು ತಾವಾಗಿ ಬಂದು ಹೇಳಿಕೊಂಡರೆ ಆರು ವಾರ ಚಿಕಿತ್ಸೆ, ಅರ್ಧ ಸಂಬಳ, ಕೆಲಸಕ್ಕೆ ಧಕ್ಕೆಯಿಲ್ಲ, ಸಿಕ್ಕಿಬಿದ್ದರೆ ಅವತ್ತೇ ಮನೆಗೆ. ಓದಿದರೆ ಧರ್ಮರಾಯನೇ ಬರೆದಂತಿತ್ತು. ಆದರೆ ಹೇಳಿಕೊಳ್ಳಬೇಕಾದ್ದು ಎಲ್ಲಿ? ತಪ್ಪು ಮಾಡಿದವರಿಗೆ ಮೆಮೊ ಕೊಡುವ ಕಿಟಕಿಯಲ್ಲೇ. ರಜೆ ಚೀಟಿಗೆ ಸಾಲು ನಿಂತ ಮೂವತ್ತು ಜನರ ಎದುರಿಗೇ. ಕೇಳುವವನು ಕೆಲಸದಿಂದ ತೆಗೆಯುವ ಆದೇಶಕ್ಕೆ ಮೊಹರು ಒತ್ತುವ ಗುಮಾಸ್ತನೇ, ಹೆಂಗಸರು ಮೊಹರು ಮಾವ ಎಂದು ಕರೆಯುತ್ತಿದ್ದ ಆಸಾಮಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ವರ್ಷವಿಡೀ ಒಂದು ನರಪಿಳ್ಳೆಯೂ ಆ ಕಿಟಕಿಗೆ ಹೋಗಿರಲಿಲ್ಲ. ಸಾಹೇಬರು ಅದನ್ನೇ ಹಿಡಿದುಕೊಂಡು, ನಮ್ಮಲ್ಲಿ ಚಟದವರೇ ಇಲ್ಲ ಎಂದು ಮೇಲಿನವರಿಗೆ ಬರೆದು ಕಳಿಸಿದ್ದರು.

ಹೋಗು, ಹೇಳಿಕೋ ಎಂದು ದೊಡ್ಡಕ್ಕ ತಮ್ಮನಿಗೆ ಎಷ್ಟು ಸಲ ಹೇಳಿದ್ದಳೋ. ಅವನದು ಒಂದೇ ರಾಗ, ಈ ತಿಂಗಳು ಬಿಡುತ್ತೇನೆ, ಬರುವ ತಿಂಗಳು ಖಂಡಿತ ಬಿಡುತ್ತೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವಳ ಕೈಯೇ ನೋಯುತ್ತಿತ್ತು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವಳ ಸಹನೆ ಮುಗಿಯಿತು. ಮೂರನೆಯದು ಹಾಳಾಗಲಿ, ಎರಡನೇ ನಂಬರಿಗೆ ಸಾಬೂನು ಬಿಡೋಣ ಎಂದಳು. ಎರಡೂ ಅಕ್ಕಪಕ್ಕದ ಯಂತ್ರಗಳು, ಅವಳಿ ಜವಳಿ, ಆಳೆತ್ತರದ ಕಬ್ಬಿಣದ ತೊಟ್ಟಿಗಳು. ಓಡಿಸುವ ಮೊದಲು ಮೂರು ಮೆಟ್ಟಿಲು ಹತ್ತಿ ಒಳಗೆ ಇಣುಕಬೇಕು ಎಂಬುದು ಕಟ್ಟಪ್ಪಣೆ. ಹೊಸಬರಿಗೆ ಅದನ್ನು ಕಲಿಸಿದವಳೇ ಅವಳು. ಅವತ್ತು ಹತ್ತಲಿಲ್ಲ. ಬೀಗ ಇದ್ದದ್ದು ಮೂರಕ್ಕೆ, ಎರಡರಲ್ಲಿ ಏನು ನೋಡುವುದು? ತಮ್ಮನ ಮೇಲಿನ ಸಿಟ್ಟು ತಲೆಗೇರಿತ್ತು, ಅದೇ ಸಿಟ್ಟಿನಲ್ಲಿ ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು.

ಗುಂಡಿ ಒತ್ತುವ ಮುಂಚೆ ಕೂಗುವ ರೂಢಿಯೊಂದಿತ್ತು. ಒತ್ತುವವರು ‘ಕೈ?’ ಎಂದು ಕೂಗಬೇಕು, ಸುತ್ತ ಇದ್ದವರೆಲ್ಲ ‘ಹೊರಗೆ’ ಎನ್ನಬೇಕು, ಕೈ ಯಂತ್ರದಿಂದ ಹೊರಗಿದೆ ಅಂತ. ದಿನಕ್ಕೆ ಇಪ್ಪತ್ತು ಸಲ ಕೂಗಿ ಕೂಗಿ ಆ ಮಾತಿಗೆ ಅರ್ಥವೇ ಉಳಿದಿರಲಿಲ್ಲ, ಆಕಳಿಕೆಗೆ ಚಿಟಿಕೆ ಹೊಡೆದ ಹಾಗೆ.

“ಕೈ?” ಅಂದಳು ದೊಡ್ಡಕ್ಕ.

“ಹೊರಗೆ” ಅಂದರು ಏಳು ಹೆಂಗಸರು.

“ಹೊರಗೆ” ಅಂತು ಎರಡನೇ ನಂಬರಿನ ಹೊಟ್ಟೆಯೊಳಗಿಂದ ಒಂದು ಗಂಡು ದನಿ, ನಿದ್ದೆಯ ಮಂಪರಿನಲ್ಲಿ, ಎಳೆದು ಎಳೆದು.

ದೊಡ್ಡಕ್ಕ ಹೆಬ್ಬೆರಳನ್ನು ಗುಂಡಿಯ ಮೇಲಿಂದ ನಿಧಾನವಾಗಿ ಎತ್ತಿದಳು. ಮೆಟ್ಟಿಲು ಹತ್ತಿ ನೋಡಿದರೆ, ಕಲಸುವ ಅಲಗುಗಳ ನಡುವೆ ಸ್ಪ್ಯಾನರನ್ನು ಎದೆಗೆ ಅವುಚಿಕೊಂಡು, ಮಂಡಿ ಮಡಚಿಕೊಂಡು ತಮ್ಮ ಮಲಗಿದ್ದ. ಬೀಗ ಮೂರಕ್ಕೆ ಹಾಕಿ ಎರಡಕ್ಕೆ ಇಳಿದಿದ್ದ. ಕೈಕಾಲು ಹಿಡಿದು ಎತ್ತಿ ಹೊರಗೆ ಹಾಕಿದಾಗ ಆ ಪುಣ್ಯಾತ್ಮ ಕಣ್ಣುಜ್ಜಿಕೊಂಡು ಹೇಳಿದ್ದೇನು? ಎರಡೂ ನೋಡುವುದಕ್ಕೆ ಒಂದೇ ಥರ ಇವೆಯಲ್ಲ ಅಂತ.

ಹೆಂಗಸರು ಒಳ್ಳೆಯವರು, ಅದೇ ಕಷ್ಟ. ಒಬ್ಬಳು ನೀರು ತಂದಳು, ಒಬ್ಬಳು ಅವನ ಅಂಗಿಯ ಧೂಳು ಕೊಡವಿದಳು. ಆಗಬಾರದ್ದು ಆಗಲಿಲ್ಲವಲ್ಲ ದೊಡ್ಡಕ್ಕ, ರಿಪೇರಿ ಮಾಡುತ್ತಿದ್ದ ಅಂತ ಬರೆದುಬಿಡಿ, ನಾವು ಯಾರೂ ಬಾಯಿ ಬಿಡುವುದಿಲ್ಲ ಎಂದರು. ಎಂಟು ತಿಂಗಳಿಂದ ಎಲ್ಲರೂ ಹೀಗೆಯೇ ಹೊಟ್ಟೆಗೆ ಹಾಕಿಕೊಂಡು ಹಾಕಿಕೊಂಡು ಅವನನ್ನು ಆ ತೊಟ್ಟಿಯವರೆಗೆ ಕರೆತಂದಿದ್ದರು. ದೊಡ್ಡಕ್ಕ ತನ್ನ ಹೆಬ್ಬೆರಳು ನೋಡಿಕೊಂಡಳು. ಸಾಬೂನು ಕಲ್ಲಾಗಿ ಸಾಯಲಿ ಎಂದು ಹೇಳಿ, ತಮ್ಮನ ರಟ್ಟೆ ಹಿಡಿದು ದರದರ ಎಳೆದುಕೊಂಡು ಕಿಟಕಿಯ ಕಡೆ ಹೊರಟಳು.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುವುದರೊಳಗೆ ನಡೆದದ್ದರ ವರದಿಯನ್ನು ಅವಳು ಬರೆದು ಕೊಡಲೇಬೇಕು. ವರದಿ ಮೊದಲು ಹೋದರೆ ಅವನು ಸಿಕ್ಕಿಬಿದ್ದವನು. ಅವನ ಅರ್ಜಿ ಮೊದಲು ಹೋದರೆ ತಾನಾಗಿ ಬಂದವನು. ನಡುವೆ ಇದ್ದದ್ದು ಎರಡೂವರೆ ಗಂಟೆ, ಮತ್ತು ಆ ಹಠಮಾರಿಯ ನಾಲಿಗೆ.

ಕಿಟಕಿಯ ಮುಂದೆ ಸಾಲಿತ್ತು. ಮೊಹರು ಮಾವ ಕನ್ನಡಕ ಮೂಗಿನ ತುದಿಗಿಳಿಸಿ ಏನಮ್ಮಾ ಎಂದ. ಇವನಿಗೆ ಆರು ವಾರದ ಅರ್ಜಿ ಬೇಕು ಎಂದಳು ದೊಡ್ಡಕ್ಕ. ಮೊಹರು ಮಾವ, ನೀವು ಕೇಳುವ ಹಾಗಿಲ್ಲ, ಅವನೇ ಕೇಳಬೇಕು, ಅವನ ಕೈಯಲ್ಲೇ ಬರೆಯಬೇಕು, ಕರೆದುಕೊಂಡು ಬಂದರೆ ಅದು ತಾನಾಗಿ ಬಂದಂತಲ್ಲ ಎಂದು ನಿಯಮ ಒಪ್ಪಿಸಿದ. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ತಮ್ಮ ನೆಲ ನೋಡುತ್ತ, ನನಗೇನೂ ಆಗಿಲ್ಲ, ಅಕ್ಕ ಸುಮ್ಮನೆ ಗಾಬರಿಯಾಗಿದ್ದಾಳೆ, ರಾತ್ರಿ ನಿದ್ದೆ ಇರಲಿಲ್ಲ ಅಷ್ಟೆ ಎಂದ.

ದೊಡ್ಡಕ್ಕನಿಗೆ ಅವನ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು. ಮೊಹರು ಮಾವನಿಗೂ ಒಂದು, ಗೋಡೆಯ ಮೇಲಿನ ಕಾಗದಕ್ಕೂ ಒಂದು. ಹೊಡೆಯಲಿಲ್ಲ. ಕಿಟಕಿಯೊಳಗೆ ಕೈ ಚಾಚಿ, “ಹಾಗಾದ್ರೆ ನಂಗೊಂದು ಮೆಮೊ ಕೊಡಿ” ಅಂದಳು.

ಯಾತಕ್ಕೆ ಎಂದು ಅವನು ಕೇಳಿದ. ಎಂಟು ತಿಂಗಳು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದಿದ್ದೇನೆ, ಇವತ್ತು ಮೆಟ್ಟಿಲು ಹತ್ತಿ ನೋಡದೆ ಯಂತ್ರದ ಗುಂಡಿಗೆ ಕೈ ಇಟ್ಟಿದ್ದೇನೆ ಎಂದಳು. ಅವನು ಪುಸ್ತಕ ತಿರುವಿ, ಇದಕ್ಕೆ ಚಿಕಿತ್ಸೆ ಗಿಕಿತ್ಸೆ ಇಲ್ಲಮ್ಮಾ, ಮೇಲ್ವಿಚಾರಣೆ ಕಿತ್ತುಕೊಂಡು ಮತ್ತೆ ಸಾಬೂನು ಸುತ್ತುವ ಸಾಲಿಗೆ ಕೂರಿಸುತ್ತಾರೆ, ಹದಿನೈದು ದಿನ ಸಂಬಳವಿಲ್ಲ, ಒಮ್ಮೆ ಮೊಹರು ಬಿದ್ದರೆ ಬಿತ್ತು ಎಂದ. ಕೊಡಿ ಎಂದಳು. ತುಂಬಿದಳು. ಸಹಿ ಹಾಕಿದಳು. ಮೊಹರು ಬಿತ್ತು.

“ಅಕ್ಕಾ, ಇದೆಲ್ಲ ನಿಂಗ್ಯಾಕೆ?” ಅಂದ ತಮ್ಮ. ಮೊದಲ ಬಾರಿಗೆ ತಲೆ ಎತ್ತಿದ್ದ.

“ಯಾಕಾ? ನೀನು ಇವತ್ತು ಸತ್ತಿದ್ರೆ ಮಾತ್ರೆ ನುಂಗಿ ಸಾಯ್ತಿರ್ಲಿಲ್ಲ ಕಣೋ, ನನ್ನ ಕೈಯಲ್ಲಿ ಸಾಯ್ತಿದ್ದೆ. ನಿನ್ನ ಹೆಂಡ್ತಿಗೆ ನಾನೇನಂತ ಹೇಳ್ಲಿ? ಸೊಂಟ ನೋವು ಅಂತ ಹೇಳ್ಲಾ? ನಿನ್ನನ್ನ ಉಳಿಸ್ತೀನಿ ಅಂದ್ಕೊಂಡು ನಿನಗೆ ಹಾಸಿಗೆ ಹಾಸಿ ಕೊಟ್ಟೆ. ಸಾಕಾಯ್ತು. ಇನ್ನು ನಾನು ಬರೆಯಲ್ಲ. ಬರೆಯೋ ಕೆಲಸವೂ ಇಲ್ಲ ಈಗ.”

ಅವಳು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ಸಾಲಿನಲ್ಲಿದ್ದ ಇಬ್ಬರು ತಮ್ಮನನ್ನು ದಾಟಿ ರಜೆ ಚೀಟಿ ತೆಗೆದುಕೊಂಡು ಹೋದರು. ಆಮೇಲೆ ಅವನು ಕಿಟಕಿಗೆ ಬಗ್ಗಿ ಏನೋ ಅಂದ. ಮೊಹರು ಮಾವ ಜೋರಾಗಿ ಹೇಳಪ್ಪ, ಕೇಳಿಸಲಿಲ್ಲ ಎಂದ. ಅವನು ಜೋರಾಗಿಯೇ ಹೇಳಿದ, ಮೂವತ್ತು ಜನರ ಎದುರಿಗೆ.

ಅರ್ಜಿ ಬಂತು. ಅಕ್ಷರಗಳು ಸೊಟ್ಟಸೊಟ್ಟಗೆ ಬಿದ್ದವು. ದಿನಕ್ಕೆ ಎಷ್ಟು ಮಾತ್ರೆ ಎಂದು ಮೊಹರು ಮಾವ ಕೇಳಿದ. ನಾಲ್ಕು ಎಂದ ತಮ್ಮ. ಅಕ್ಕನಿಗೂ ಅವನು ನಾಲ್ಕು ಎಂದೇ ಹೇಳಿದ್ದ, ಅವಳು ಒಳಗೊಳಗೇ ಆರಿರಬಹುದು ಎಂದು ಲೆಕ್ಕ ಹಾಕಿದ್ದಳು. ಮೊಹರು ಮಾವ ಅದನ್ನು ಬರೆಯಲು ಹೋದಾಗ ತಮ್ಮ ತಡೆದ.

“ನಾಲ್ಕಲ್ಲ. ಹದಿನೆಂಟು.”

ದೊಡ್ಡಕ್ಕ ಬೈಯಲೆಂದು ಬಾಯಿ ತೆರೆದಳು. ಅವಳ ಬತ್ತಳಿಕೆಯಲ್ಲಿ ಆ ಸಂಖ್ಯೆಗೆ ತಕ್ಕ ಬೈಗುಳವೇ ಇರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊಹರು ಮಾವ ಕೊನೆಯ ಸಾಲಿಗೆ ಬಂದಿದ್ದ. ಮೊಹರನ್ನು ಕೈಯಲ್ಲಿ ಹಿಡಿದುಕೊಂಡೇ ಕನ್ನಡಕದ ಮೇಲಿಂದ ಒಮ್ಮೆ ತಮ್ಮನನ್ನು, ಒಮ್ಮೆ ಬೆಂಚಿನ ಕಡೆ ನೋಡಿದ. “ತಾನಾಗಿ ಬಂದದ್ದೋ, ಯಾರಾದ್ರೂ ಕರ್ಕೊಂಡು ಬಂದದ್ದೋ?”

ತಮ್ಮ ಅಕ್ಕನ ಕಡೆ ತಿರುಗಿದ. ದೊಡ್ಡಕ್ಕ ಮಡಿಲಿನಲ್ಲಿದ್ದ, ಇನ್ನೂ ಮಸಿ ಆರದ ತನ್ನ ಮೆಮೊ ಎತ್ತಿ ತೋರಿಸಿದಳು.

“ಅವನೇ ಬಂದ” ಅಂದಳು. “ನಾನು ಬಂದದ್ದು ಇದಕ್ಕೆ.”