ಟಿಪ್ಪರ್ ಹಿಂದೆ ಬರೆದ ಗುಟ್ಟು

ಗಾದಿಗನೂರಿನ ಜಂಬಮ್ಮ ಮನೆಗೆ ಬಂದವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ. ಅಕ್ಕಿಯೊಳಗಿನ ಕಲ್ಲನ್ನು ಬೆರಳಿನಿಂದ ತಡಕಿ ತೆಗೆಯುತ್ತಿದ್ದಳು. ಯಾರಾದರೂ ಎದುರಿಗೆ ಸುಮ್ಮನೆ ನಿಂತರೆ, "ಯಾರವಾ ಅದು? ಒಮ್ಮೆರ ಕೆಮ್ಮಬಾರದಾ?" ಎಂದು ಗದರುತ್ತಿದ್ದಳು. ರಸ್ತೆಯಲ್ಲಿ ಬಿಡುವಿಲ್ಲದೆ ಅದಿರು ಲಾರಿ, ಮನೆಯೊಳಗೆಲ್ಲ ಕೆಂಪು ಧೂಳು. ಧೂಳಿನಿಂದ ಹಿಂಗಾತು ಎಂದು ಓಣಿಯವರು, ವಯಸ್ಸಿನಿಂದ ಆಯಿತು ಎಂದು ಹುಬ್ಬಳ್ಳಿಯ ಡಾಕ್ಟರು. ಅದೇನೇ ಇರಲಿ, ಡಾಕ್ಟರು ಒಂದು ಮಾತನ್ನು ಖಡಾಖಂಡಿತ ಹೇಳಿದ್ದರು: "ಬಲಗಣ್ಣಿನ ಪೊರೆ ಭಾಳ ಬಲಿತೈತಿ. ಇನ್ನ ತಡ ಮಾಡಿದ್ರ ಕಣ್ಣು ಉಳಿಯೂದು ಕಷ್ಟ." ಆಪರೇಶನ್ನಿಗೆ ದಿನವನ್ನೂ ಕೊಟ್ಟಿದ್ದರು.

ಜಂಬಮ್ಮನ ಮಗ ದೊಡ್ಡಬಸಪ್ಪನಿಗೆ ಎರಡು ಟಿಪ್ಪರ್. ಸಂಡೂರಿನ ಗಣಿಯಿಂದ ಅದಿರು ಹೊಡೆಯುತ್ತಿದ್ದವು. ಗಣಿ ದುಡ್ಡಿನಲ್ಲೇ ಒಂದು ಕಾರೂ ಬಂತು. ಟಿಪ್ಪರಿಗೂ ಕಾರಿಗೂ ಒಂದೇ ನಂಬರ್, ಐವತ್ನಾಲ್ಕು ನಲವತ್ತೈದು. ಕೂಡಿದರೆ ಕೊನೆಗೆ ಒಂಬತ್ತು ಬರುತ್ತದೆ, ಅದು ನಮ್ಮ ಮನೆತನಕ್ಕೆ ಕೂಡಿ ಬಂದ ನಂಬರ್ ಎಂದು ಅವನ ನಂಬಿಕೆ. ಅದಕ್ಕಾಗಿ ಆರ್‌ಟಿಓ ಆಫೀಸಿನಲ್ಲಿ ಬೇರೆ ದುಡ್ಡು ಕಟ್ಟಿದ್ದ. ಮೊಬೈಲಿನ ಕೊನೆಗೂ ಅದೇ ನಂಬರ್. ಟಿಪ್ಪರ್ ಹಿಂದಿನ ಹಲಗೆಯ ಮೇಲಂತೂ ಹಳದಿ ಬಣ್ಣದಲ್ಲಿ ಆಳೆತ್ತರ ಬರೆಸಿದ್ದ.

ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಲಾರಿ ಇದ್ದವರನ್ನು ಹುಡುಕಿ ಹುಡುಕಿ ಕ್ರೆಡಿಟ್ ಕಾರ್ಡ್ ಕೊಡುತ್ತಿದ್ದರು. ದೊಡ್ಡಬಸಪ್ಪನಿಗೂ ಒಂದು ಬಂತು. ಅವ್ವನ ಕಣ್ಣಿನ ಖರ್ಚು ಈ ಕಾರ್ಡಿನಿಂದಲೇ ಎಂದು ಅವನು ಮೊದಲೇ ತೀರ್ಮಾನ ಮಾಡಿದ್ದ. ಗಣಿಯವರು ಲೋಡಿನ ದುಡ್ಡು ಕೊಡುವುದು ಯಾವಾಗಲೂ ತಡ ನೋಡಿ, ಬೇರೆ ದಾರಿ ಇರಲಿಲ್ಲ. "ಹೆಂಗೂ ಹುಬ್ಬಳ್ಳಿಗೆ ಹೋಗಬೇಕು, ಮದ್ಲ ಗೋವಾ ನೋಡಿ ಬರೂನು. ಬರೂ ಮುಂದ ದವಾಖಾನಿ," ಅಂದ.

"ಲೇ ಬಸಣ್ಣಾ," ಎಂದಳು ಜಂಬಮ್ಮ, "ಕಣ್ಣು ಮಾಡಿಸಿ ಸಮುದ್ರ ತೋರಸ್ತಾರೋ, ಸಮುದ್ರ ತೋರಿಸಿ ಕಣ್ಣು ಮಾಡಸ್ತಾರೋ?"

"ನೀ ಗಾಳಿ ಕುಡಿಯವಾ. ನಾವು ನೋಡ್ತೀವಿ."

ಹೊರಡುವ ಹಿಂದಿನ ದಿನ ಸುನಿತಾ ಬಂದಳು. ದೊಡ್ಡಬಸಪ್ಪನ ಹೆಂಡತಿ ಕೊಟ್ರಮ್ಮನ ತಂಗಿ ಇವಳು, ಹೊಸಪೇಟೆಯ ಬ್ಯಾಂಕೊಂದರಲ್ಲಿ ನೌಕರಿ. ಕಾರ್ಡಿನಿಂದ ದುಡ್ಡು ಹೋದಾಗಲೆಲ್ಲ ಮೊಬೈಲಿಗೆ ಮೆಸೇಜ್ ಬರುವ ಹಾಗೆ ಹಟ ಹಿಡಿದು ಮಾಡಿಸಿದವಳೂ ಇವಳೇ.

"ಮಾವಾ, ಕಾರ್ಡಿನ ಪಿನ್ ನಂಬರ್ ಬದಲಿ ಮಾಡಿದ್ರ್ಯಾ?" ಎಂದು ಕೇಳಿದಳು.

"ಮಾಡಿದ್ನೆಲ್ಲ! ಲಕೋಟಿಯೊಳಗ ಅವರು ಕಳಿಸಿದ ನಂಬರ್ ತಲಿಯೊಳಗ ನಿಲ್ಲಂಗಿಲ್ಲ. ನಮ್ಮ ನಂಬರ್ ಹಾಕೀನಿ."

"ನಮ್ಮ ನಂಬರ್ ಅಂದ್ರ?"

ದೊಡ್ಡಬಸಪ್ಪ ಮೀಸೆಯೊಳಗೆ ನಕ್ಕು, ಹೊರಗೆ ನಿಂತ ಕಾರಿನ ಕಡೆ ಕತ್ತು ತಿರುಗಿಸಿದ. ಸುನಿತಾ ತಲೆಗೆ ಕೈ ಹೊತ್ತು ಕುಂತಳು.

"ಅಯ್ಯ ಮಾವಾ, ಮನಿ ಕೀಲಿಕೈನ ಬಾಗಿಲಿಗೆ ನೇತು ಹಾಕಿ ಊರಿಗೆ ಹೊಂಟಂಗಾತಲ್ರಿ! ಇವತ್ತ ಬದಲಿ ಮಾಡ್ರಿ."

"ಹೋಗವಾ ಬ್ಯಾಂಕಿನಮ್ಮಾ. ಆ ನಂಬರಿನಿಂದನ ಮ್ಯಾಲ ಬಂದೀವಿ. ಅದನ್ನ ಬಿಟ್ರ ದೆಸಿ ತಿರುಗತೈತಿ. ಕಾರ್ಡು ನನ್ನ ಕಿಸೇದಾಗ ಇದ್ರ ಯಾವನು ಏನ್ ಮಾಡ್ತಾನ?"

"ಕಿಸೇದಿಂದ ತಗದು ಮಂದಿ ಕೈಯಾಗ ಕೊಡ್ತೀರೆಲ್ಲ, ಆವಾಗ ಮಾಡ್ತಾರ. ಹೋಟೆಲ್ಲಿನ್ಯಾಗ ಕಾರ್ಡ್ ಒಳಗ ಒಯ್ಯಾಕ ಬಿಡಬ್ಯಾಡ್ರಿ. ನೀವ ಎದ್ದು ಕೌಂಟರಿಗೆ ಹೋಗ್ರಿ, ಕಣ್ಣ ಮುಂದ ಉಜ್ಜಲಿ. ಮತ್ತ ಫೋನ್ ಬಂದ್ ಮಾಡಬ್ಯಾಡ್ರಿ."

"ಆತಾತು," ಎಂದ ದೊಡ್ಡಬಸಪ್ಪ. ಅವನು ಆತಾತು ಅಂದರೆ ಆಗುವುದಿಲ್ಲ ಎಂದೇ ಅರ್ಥ. ಅದು ಕೊಟ್ರಮ್ಮನಿಗೆ ಗೊತ್ತು. ಸುನಿತಾ ಅಕ್ಕನನ್ನು ಅಡುಗೆ ಮನೆಗೆ ಕರೆದೊಯ್ದು, ದಾರಿಗೆ ಕಟ್ಟುತ್ತಿದ್ದ ಶೇಂಗಾ ಚಟ್ನಿ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಪೆನ್ನಿನಿಂದ ಬ್ಯಾಂಕಿನ ಫೋನ್ ನಂಬರ್ ಬರೆದಳು. "ಏನರ ಆದ್ರ ಮದ್ಲ ಇಲ್ಲಿಗೆ ಫೋನ್ ಹಚ್ಚು, ಆಮ್ಯಾಲ ಅಳು," ಎಂದಳು. ಕೊಟ್ರಮ್ಮ ನಗಲಿಕ್ಕೆ ನೋಡಿದಳು, ನಗು ಬರಲಿಲ್ಲ.

ಕಾರವಾರ ದಾಟುತ್ತಲೇ ದೊಡ್ಡಬಸಪ್ಪ ಮೊಬೈಲ್ ಬಂದ್ ಮಾಡಿದ. "ಗೋವಾದಾಗ ರೋಮಿಂಗ್. ಬಂದ ಫೋನಿಗೂ ನಾವ ದುಡ್ಡು ಕೊಡಬೇಕು. ಯಾವ ನ್ಯಾಯ?" ಲಕ್ಷಗಟ್ಟಲೆ ಅದಿರು ಸಾಗಿಸುವ ಮನುಷ್ಯ, ರೋಮಿಂಗಿನ ಪುಡಿಗಾಸಿಗೆ ಲೆಕ್ಕ ಹಾಕಿದ. ನಾವೆಲ್ಲರೂ ಹಾಗೇ ಅಲ್ಲವೇ?

ಸಮುದ್ರ ಜಂಬಮ್ಮನಿಗೆ ಕಾಣಲಿಲ್ಲ, ಕೇಳಿಸಿತು. ಸೀರೆಯ ಅಂಚು ಹಿಡಿದು ನೀರಿನಲ್ಲಿ ನಿಂತು, "ನಮ್ಮ ಹೊಸಪೇಟಿ ಟಿಬಿ ಡ್ಯಾಮಿನ ಗೇಟು ಎಲ್ಲಾ ಒಮ್ಮಿಗೆ ತಗದಂಗ ಐತಿ," ಎಂದಳು. ಸೊಸೆಯ ಮೊಳಕೈ ಬಿಡಲಿಲ್ಲ. "ಕೊಟ್ರಾ, ಕಣ್ಣು ಬಂದ ಮ್ಯಾಲ ಇನ್ನೊಮ್ಮೆ ಕರಕೊಂಡು ಬರ್ತೀಯಿಲ್ಲ?" "ಬರ್ತೀನ್ರಿ ಅತ್ತಿ," ಎಂದಳು ಕೊಟ್ರಮ್ಮ.

ಸಂಜೆ ಒಂದು ಹೋಟೆಲ್ಲಿನಲ್ಲಿ ಉಂಡರು. ಬಿಲ್ಲು ತಂದವನು ಹಸನ್ಮುಖಿ. ದೊಡ್ಡಬಸಪ್ಪ ಕುಂತಲ್ಲಿಂದಲೇ ಕಾರ್ಡು ಚಾಚಿದ. ಅವನು ಅದನ್ನು ತಗೊಂಡು ಒಳಗೆ ಹೋದ.

"ರೀ, ಸುನಿತಾ ಏನ್ ಹೇಳಿದ್ಲು? ಎದ್ದು ಹೋಗ್ರಿ," ಎಂದಳು ಕೊಟ್ರಮ್ಮ.

"ಬಿಡಲೇ, ಮಂದಿ ಏನ್ ತಿಳಕೋತಾರ? ಕಾರಿನ್ಯಾಗ ಬಂದವರು, ಬಿಲ್ಲಿನ ಹಿಂದ ಓಡಿದ್ರ ಛಂದ ಕಾಣ್ತೈತೇನು?"

ಬಿಲ್ಲಿನವನು ಬರುವುದು ತಡವಾಯಿತು. ಕೊಟ್ರಮ್ಮ ಒಳಬಾಗಿಲಿನ ಪರದೆಯನ್ನೇ ನೋಡುತ್ತ ಕುಂತಳು. ಕೊನೆಗೆ ಅವನು ನಗುತ್ತಲೇ ಬಂದು ಕಾರ್ಡು ಕೊಟ್ಟ. ಹೊರಗಿನ ಕಾರು ತೋರಿಸಿ, "ಸಾಬ್, ನಂಬರ್ ಬಹುತ್ ಅಚ್ಛಾ ಹೈ," ಎಂದ.

ಅಷ್ಟು ಸಾಕಾಯಿತು ನೋಡಿ ದೊಡ್ಡಬಸಪ್ಪನಿಗೆ. ತನ್ನ ಹೊಸಪೇಟೆ ಹಿಂದಿಯಲ್ಲಿ ಶುರು ಮಾಡಿದ. "ಹಮಾರಾ ಸಬ್ ಏಕೀಚ್ ನಂಬರ್! ಟಿಪ್ಪರ್ ಭೀ, ಕಾರ್ ಭೀ, ಫೋನ್ ಭೀ, ಸಬ್!"

"ಏಟಿಎಂ ಭೀ, ಸಾಬ್?" ಅವನು ನಗೆಚಾಟಿಕೆಯ ದನಿಯಲ್ಲೇ ಕೇಳಿದ.

ದೊಡ್ಡಬಸಪ್ಪ ಹೂಂ ಅನ್ನಲಿಲ್ಲ. ಆದರೆ ಮೀಸೆಯೊಳಗೆ ನಕ್ಕ. ಆ ನಗು ಕೊಟ್ರಮ್ಮನಿಗೆ ಗುರುತಿತ್ತು. ಬಿಲ್ಲಿನವನಿಗೂ ಗುರುತಾಗಿರಬೇಕು.

ಗೋವಾ ಮುಗಿಯಿತು. ಯಲ್ಲಾಪುರದ ಘಾಟಿನಲ್ಲಿ ಅದಿರು ಲಾರಿಗಳ ಸಾಲಿನ ಹಿಂದೆ ತೆವಳುತ್ತ, ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಹುಬ್ಬಳ್ಳಿ ಮುಟ್ಟಿದರು. ನರ್ಸಮ್ಮ ಜಂಬಮ್ಮನಿಗೆ ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಔಷಧದ ಹನಿ ಹಾಕಿ ಕೂರಿಸಿದಳು. "ದುಡ್ಡು ಕಟ್ಟಿ ಬರ್ರಿ, ಒಳಗ ಕರಕೋತೀವಿ."

ಕೌಂಟರಿನವನು ಕಾರ್ಡು ಉಜ್ಜಿದ. ಮಿಷಿನ್ನು ಕುಂಯ್ ಅಂದಿತು. "ಆಗವಲ್ದ್ರಿ."

"ನಿಮ್ಮ ಮಿಷಿನ್ ಕೆಟ್ಟೈತಿ. ಇನ್ನೊಮ್ಮಿ ಉಜ್ಜು."

ಮತ್ತೆ ಕುಂಯ್. "ಮಿಷಿನ್ ಛಲೋನ ಐತ್ರಿ. ಕಾರ್ಡಿನ್ಯಾಗ ಇಷ್ಟು ಉಳಿದಿಲ್ಲ."

ಸುನಿತಾಳನ್ನು ಕೇಳೋಣ ಎಂದು ದೊಡ್ಡಬಸಪ್ಪ, ಕಾರವಾರದಿಂದ ಬಂದ್ ಇದ್ದ ಮೊಬೈಲ್ ಹಚ್ಚಿದ. ಹಚ್ಚಿದ್ದೇ ತಡ, ಟುಂಗ್, ಟುಂಗ್, ಟುಂಗ್. ಮೆಸೇಜಿನ ಮೇಲೆ ಮೆಸೇಜು. ಪಣಜಿಯಲ್ಲಿ ಏಟಿಎಂನಿಂದ ದುಡ್ಡು. ಮಡಗಾಂವದಲ್ಲಿ ಬಂಗಾರದಂಗಡಿ. ಮತ್ತೆ ಏಟಿಎಂ. ಅವನು ಕಿಸೆಯಿಂದ ಕಾರ್ಡು ತೆಗೆದು ಹಿಂದೆ ಮುಂದೆ ನೋಡಿದ. ಕಾರ್ಡು ಕೈಯಲ್ಲೇ ಇದೆ! ನೋಡುತ್ತ ನಿಂತಾಗಲೇ ಇನ್ನೊಂದು ಟುಂಗ್. ಈಗ, ಈ ಕ್ಷಣ, ಯಾರೋ ಮತ್ತೆ ದುಡ್ಡು ತೆಗೆದರು. ಆಪರೇಶನ್ನಿಗೆ ಸಾಲದ ದುಡ್ಡು ಕಳ್ಳನಿಗೆ ಸಾಲುತ್ತಿತ್ತು.

"ಕೊಟ್ರಾ!" ಎಂದ.

ಕೊಟ್ರಮ್ಮ ಆಗಲೇ ಕಾರಿನತ್ತ ಓಡುತ್ತಿದ್ದಳು. ಚೀಲ ಸುರುವಿದಳು. ರೊಟ್ಟಿ ಗಂಟು, ಹಸಿ ಟವೆಲ್ಲು, ಸಮುದ್ರದ ಮರಳು. ಚಟ್ನಿ ಡಬ್ಬಿ ಸೀಟಿನ ಕೆಳಗೆ ಉರುಳಿತ್ತು. ಮುಚ್ಚಳದ ಮೇಲೆ ಎಣ್ಣೆ. ಸೆರಗಿನಿಂದ ಮೆಲ್ಲಗೆ ಒರೆಸಿದಳು, ಅಂಕಿ ಅಳಿಸಿ ಹೋದರೆ ಎಂಬ ಅಂಜಿಕೆ. ಅಳಿಸಿರಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಗಂಡ ಹೆಂಡತಿ ಆ ನಂಬರಿಗೆ ಫೋನ್ ಮಾಡಿದರು. ಬ್ಯಾಂಕಿನವರು ಹೆಸರು ಕೇಳಿದರು, ಹುಟ್ಟಿದ ತಾರೀಖು ಕೇಳಿದರು, ಇನ್ನೂ ಏನೇನೋ ಕೇಳಿದರು. ಕೊನೆಗೆ "ಕಾರ್ಡ್ ಬಂದ್ ಮಾಡಿದ್ದೇವೆ, ದೂರಿನ ನಂಬರ್ ಬರೆದುಕೊಳ್ಳಿ," ಅಂದರು. ಆಮೇಲೆ ಟುಂಗ್ ಕೇಳಲಿಲ್ಲ.

ಸುನಿತಾಗೆ ಫೋನ್ ಮಾಡಿದಾಗ ದೊಡ್ಡಬಸಪ್ಪ, ಹೋಟೆಲ್ಲಿನವನು ಕಾರ್ಡನ್ನು ಪರದೆ ಹಿಂದೆ ಒಯ್ದದ್ದನ್ನು ಹೇಳಿ, ಒಂದೇ ಮಾತು ಕೇಳಿದ. "ಕಾರ್ಡು ನನ್ನ ಹಂತ್ಯಾಕ ಐತೆಲ್ಲವಾ, ಹೆಂಗ ತಗದ್ರು?"

"ಕಾರ್ಡಿನ ಹಿಂದ ಕರೀ ಪಟ್ಟಿ ಐತೆಲ್ರಿ ಮಾವಾ, ಅದನ್ನ ಅಂಗೈಯಷ್ಟ ಮಿಷಿನ್ನಿನ್ಯಾಗ ಎಳದು ಇನ್ನೊಂದು ಕಾರ್ಡಿಗೆ ಹಾಕ್ಕೋತಾರ. ಕೀಲಿಕೈನ ಸಾಬೂನಿಗೆ ಒತ್ತಿ ಅಚ್ಚು ತಗದಂಗ. ನಿಮ್ಮ ಕೀಲಿಕೈ ನಿಮ್ಮ ಕಡೆನ ಇರತೈತಿ. ಪರದೆ ಹಿಂದ ಅವನಿಗೆ ಅಷ್ಟು ಹೊತ್ತು ಸಾಕು. ಪಿನ್ ನಿಮ್ಮ ಗಾಡಿ ನಂಬರ್ ಅಂತ ಮಾತ್ರ ಅವನಿಗೆ ಹೆಂಗ ಗೊತ್ತಾತು?"

ದೊಡ್ಡಬಸಪ್ಪ ತಲೆ ಎತ್ತಿದ. ಎದುರಿಗೆ ಅವನ ಕಾರು ನಿಂತಿತ್ತು.

"ಹೋಗ್ಲಿ ಬಿಡ್ರಿ. ಈಗ ಪೊಲೀಸ್ ಠಾಣೆಗೆ ಹೋಗಿ ದೂರು ಬರಸ್ರಿ. ಹೋಟೆಲ್ಲಿನ ಚೀಟಿ, ಡೀಸೆಲ್ ಚೀಟಿ, ಒಂದೂ ಒಗೀಬ್ಯಾಡ್ರಿ. ಅತ್ತಿಯವರ ಆಪರೇಶನ್ ಆತಾ?"

ಆಗಿರಲಿಲ್ಲ. ಅವನು ಹುಬ್ಬಳ್ಳಿಯಲ್ಲಿದ್ದ ಗೆಳೆಯರಿಗೆಲ್ಲ ಫೋನ್ ಹಚ್ಚಿದ, ಕೈಗೆ ಯಾರೂ ಸಿಗಲಿಲ್ಲ. ಜಂಬಮ್ಮನ ಸರದಿಗೆ ಬೇರೆಯವರನ್ನು ಒಳಗೆ ಕರೆದರು. ನರ್ಸಮ್ಮ ಹಸಿರು ಅಂಗಿ ಬಿಚ್ಚುವಾಗ ಜಂಬಮ್ಮ, "ಮುಗೀತೇನವಾ? ನೋವ ಆಗಲಿಲ್ಲ?" ಎಂದು ಕೇಳಿದಳು. ಕೊಟ್ರಮ್ಮ ಅತ್ತೆಯ ಸೆರಗು ಸರಿ ಮಾಡಿದಳು. ದೊಡ್ಡಬಸಪ್ಪ ಗೋಡೆಯ ಕಡೆ ತಿರುಗಿ ನಿಂತ.

ಊರಿಗೆ ಬಂದ ಮೇಲಿನ ದಿನಗಳು ಕೆಟ್ಟವು. ಬೆಳಗಾದರೆ ಜಂಬಮ್ಮ ಬಲಗಣ್ಣಿನ ಮುಂದೆ ಕೈ ಆಡಿಸಿ ನೋಡಿಕೊಳ್ಳುತ್ತಿದ್ದಳು. "ನಿನ್ನಿಗಿಂತ ಮಬ್ಬು ಐತೇನ್ರಿ ಅತ್ತಿ?" ಎಂದು ಕೊಟ್ರಮ್ಮ ಕೇಳುವಳು. "ಹಂಗ ಐತಿ," ಎನ್ನುವಳು ಅತ್ತೆ. ಖರೇನೋ, ಸೊಸೆಯ ಸಮಾಧಾನಕ್ಕೋ, ಯಾರಿಗೆ ಗೊತ್ತು. ದೊಡ್ಡಬಸಪ್ಪ ಬ್ಯಾಂಕಿಗೂ ಠಾಣೆಗೂ ತಿರುಗಿ ಚಪ್ಪಲಿ ಸವೆಸಿದ. ಅವನು ಸಹಿ ಹಾಕುವುದು ಕನ್ನಡದಲ್ಲಿ, ಬಂಗಾರದಂಗಡಿಯ ಚೀಟಿಯಲ್ಲಿ ಇಂಗ್ಲಿಷ್ ಸಹಿ ಇತ್ತು. ಹಾಗಾಗಿ ಆ ದುಡ್ಡು, ಬಹಳ ತಡವಾಗಿ, ತಿರುಗಿ ಬಂತು. ಏಟಿಎಂನಿಂದ ಹೋದದ್ದು ಬರಲಿಲ್ಲ. "ಪಿನ್ ಸರಿಯಾಗಿ ಒತ್ತಿ ತಗದಾರಲ್ರೀ," ಎಂದರು ಬ್ಯಾಂಕಿನವರು.

ಲೋಡಿನ ದುಡ್ಡು ಕೈಸೇರಿದ ದಿನವೇ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದ. ಡಾಕ್ಟರು ಬೈದರು, ಆದರೆ ಆಪರೇಶನ್ ಮಾಡಿದರು. ಕಣ್ಣು ಉಳಿಯಿತು. ಪುಣ್ಯ.

ಹೊಸ ಕಾರ್ಡು ಬಂದಾಗ ಸುನಿತಾ ಬೇಕಂತಲೇ ಕೇಳಿದಳು. "ಮಾವಾ, ಈ ಸಲ ಏನ್ ನಂಬರ್ ಹಾಕಿದ್ರಿ?"

"ನಿನಗ್ಯಾಕ ಬೇಕವಾ ಅದು? ನಿಮ್ಮಕ್ಕಗೂ ಹೇಳಿಲ್ಲ."

"ಈಗ ಪಾಸಾದ್ರಿ ನೋಡ್ರಿ!" ಎಂದು ಅವಳು ನಕ್ಕಳು.

ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕುಂತಿದ್ದ ಜಂಬಮ್ಮ ನಗಲಿಲ್ಲ. ಅವಳಿಗೆ ಓದು ಬಾರದು. ಆದರೆ ಸಂತೆಯಲ್ಲಿ ಮೆಣಸಿನಕಾಯಿ ಮಾರಿದ ಹೆಂಗಸು, ಅಂಕಿ ಬರುತ್ತದೆ. ರಸ್ತೆಯ ಆಚೆ ಮಗನ ಟಿಪ್ಪರ್ ನಿಂತಿತ್ತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಲಗಣ್ಣು ಕಿರಿದು ಮಾಡಿ, ಹಳದಿ ಅಂಕಿಗಳನ್ನು ಒಂದೊಂದೇ ಓದಿದಳು.

"ಐದು... ನಾಕು... ನಾಕು... ಐದು. ಲೇ ಬಸಣ್ಣಾ, ಮುದುಕಿ ನಾನು, ಮೊನ್ನಿ ಪಟ್ಟಿ ಬಿಚ್ಯಾರ, ನಾನ ಇಲ್ಲಿ ಕುಂತು ಓದಿದೆ. ಇದನ್ನೇನೋ ನೀನು ಗುಟ್ಟು ಅಂದದ್ದು?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಜಂಬಮ್ಮನ ಈ ಮಾತು ನಿಮಗೂ ಇರಲಿ. ಗಾಡಿ ನಂಬರ್, ಫೋನ್ ನಂಬರ್, ಹುಟ್ಟಿದ ವರ್ಷ, ಇವು ನಾಲ್ಕು ಮಂದಿಗೆ ಗೊತ್ತಿರುವ ನಂಬರ್. ಇವನ್ನು ಪಿನ್ ಮಾಡಬೇಡಿ, ಪಿನ್ನನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವನು ಎಂದು ಫೋನ್ ಮಾಡಿ ಕೇಳಿದವನಿಗೂ. ಪರ ಊರಿನಲ್ಲಿ ಕಾರ್ಡು ನಿಮ್ಮ ಕಣ್ಣು ತಪ್ಪಿ ಒಳಗೆ ಹೋಗದಿರಲಿ, ಎದ್ದು ಹಿಂದೆ ಹೋಗುವುದಕ್ಕೆ ನಾಚಿಕೆ ಬೇಡ. ಫೋನ್ ಬಂದ್ ಮಾಡಬೇಡಿ. ಬ್ಯಾಂಕಿನ ನಂಬರನ್ನು ಕಾರ್ಡಿನಿಂದ ಬೇರೆ ಕಡೆ ಬರೆದಿಡಿ, ಚಟ್ನಿ ಡಬ್ಬಿಯಾದರೂ ಆದೀತು. ಏನಾದರೂ ಅನುಮಾನ ಬಂತೋ, ಮೊದಲು ಕಾರ್ಡು ಬಂದ್ ಮಾಡಿಸಿ, ಜಗಳ ಆಮೇಲೆ. ದವಾಖಾನೆಯಂಥ ಖರ್ಚನ್ನು ಒಂದೇ ಕಾರ್ಡಿನ ಮೇಲೆ ಬಿಡಬೇಡಿ.

ಊರಿಗೆ ಹೊರಡುವಾಗ ಬಾಗಿಲ ಕೀಲಿಯನ್ನು ಎರಡು ಸಲ ಜಗ್ಗಿ ನೋಡುತ್ತೀರಲ್ಲ? ಹಾಗೆಯೇ ನಿಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿ. ನಿಮ್ಮ ಗುಟ್ಟು ಅಲ್ಲೆಲ್ಲಾದರೂ ಬರೆದಿದ್ದರೆ, ಹೊರಡುವ ಮೊದಲೇ ಏಟಿಎಂಗೆ ಹೋಗಿ ಪಿನ್ ಬದಲಿಸಿ ಬನ್ನಿ.