ಮೊರದಲ್ಲಿಟ್ಟ ಹತ್ತು ಬೋಲ್ಟು

ಮಿಶ್ರಿಕೋಟಿ ಡೇರಿಯವರು ಸಂಜೆ ಆರೂವರೆಗೆ ಬಾಗಿಲು ಎಳೆದರೆ ಮುಗಿಯಿತು, ಯಾರು ಹಾಲು ತಂದರೂ ಅಳೆಯುವುದಿಲ್ಲ. ನಮ್ಮೂರಿನ ಐದು ಮನೆಗಳ ಹಾಲನ್ನು ಹನ್ನೊಂದು ವರ್ಷದಿಂದ ಎರಡೂ ಹೊತ್ತು ಬೈಕಿನ ಮೇಲೆ ಅಲ್ಲಿಗೆ ಒಯ್ಯುವವನು ನಾನು. ನಿನ್ನೆ ಸಂಜೆ ಏರಿನಲ್ಲಿ ಕ್ಲಚ್ ಜಾರಿ ಬೈಕು ನಿಂತಿತು, ಹಾಲು ಕೆಟ್ಟಿತು. ಗೂಡ್ಸ್ ಆಟೋದ ಪ್ರತಾಪ ರಾತ್ರಿಯೇ ಮನೆಮನೆಗೆ ಹೋಗಿ, "ಕುಬೇರ ಕಾಕಾನ ಗಾಡಿ ಇನ್ನೊಮ್ಮೆ ನಿಂತರ ಹೇಳ್ರಿ, ದಿನಾ ನಾನ ಒಯ್ತೇನಿ" ಎಂದು ಬಂದಿದ್ದ. ಐದೂ ಮನೆಯವರು ಹೂಂ ಅಂದಿದ್ದರು.

ಇಂದು ಮುಂಜಾನೆ ಅರ್ಧ ದಾರಿ ತಳ್ಳಿಕೊಂಡೇ ಹಾಲು ಮುಟ್ಟಿಸಿದೆ. ಮೆಕ್ಯಾನಿಕ್ ಎರಡು ದಿನ ಬಿಟ್ಟು ಬಾ ಅಂದ. ಕ್ಲಚ್ ಪ್ಲೇಟು ಕೊಂಡು ತಂದು ನಾನೇ ಕುಳಿತೆ. ಎಂಜಿನ್ ಬಾಜೂ ಕವರಿಗೆ ಹತ್ತು ಬೋಲ್ಟು, ಕೆಲವು ಉದ್ದ, ಕೆಲವು ಗಿಡ್ಡ. ಗಿಡ್ಡದರ ತೂತಿಗೆ ಉದ್ದದ್ದು ಬಿಗಿದರೆ ಎಂಜಿನ್ ಸೀಳುತ್ತದೆ. ಹಾಗಾಗಿ ಬಿಚ್ಚಿದ್ದನ್ನೆಲ್ಲ ಕವರಿನ ಸುತ್ತ ಇದ್ದ ಹಾಗೆಯೇ ಮೊರದಲ್ಲಿ ಜೋಡಿಸಿಟ್ಟೆ. ಪ್ಲೇಟು ಕೂಡ್ರಿಸಿ, ಕೈ ತೊಳೆದು ಬರುವಷ್ಟರಲ್ಲಿ ಮೊರದಲ್ಲಿ ಎರಡು ಗುಂಪು.

"ಎಣ್ಣಿ ಹತ್ತಿತ್ತು, ಒರಸಿ ಆರಿಸಿ ಇಟ್ಟೇನ್ರಿ. ದೊಡ್ಡೂ ಇತ್ತ, ಸಣ್ಣೂ ಅತ್ತ" ಎಂದಳು ನನ್ನ ಹೆಂಡತಿ ಗೌರಾ.

"ಸಾಲಾಗಿ ಇಟ್ಟಿದ್ನಲ್ಲಾ, ಮಾರಾಯ್ತಿ!"

"ಮೊರದಾಗ ಇಟ್ಟದ್ದು ಆರಿಸ್ಲಿಕ್ಕಲ್ಲೇನು? ಮೂವತ್ತು ವರ್ಷದಾಗ ಒಮ್ಮೆರ ಬ್ಯಾಡ ಅಂದೀರೇನು?"

ಎಮ್ಮೆ ಹಿಂಡಲು ಮುಂಜಾನೆ ನಾಲ್ಕಕ್ಕೇ ಎದ್ದವಳು. ನನಗೂ ಬೈಯುವಷ್ಟು ಉಸಿರಿರಲಿಲ್ಲ. ನೆಲಕ್ಕೆ ಕುಕ್ಕರಿಸಿದೆ.

ಅವಳೇ ಕವರಿನತ್ತ ಬಗ್ಗಿದಳು. "ಬಿಗಿಬ್ಯಾಡ್ರಿ. ತೂತಿಗೊಂದು ಹಂಗ ಇಳಿಬಿಡೂಣು. ಯಾವುದು ಭಾಳ ತಲಿ ಎತ್ತತೈತಿ, ಯಾವುದು ಮುಣಗತೈತಿ, ಅದು ಅಲ್ಲಿದಲ್ಲ."

ಅಗದಿ ಖರೆ ಮಾತು. ಇಳಿಸಿದೆವು, ತೆಗೆದೆವು, ಅದಲುಬದಲು ಮಾಡಿದೆವು. ಕಣ್ಣು ಉರಿಯುತ್ತಿತ್ತು, ಜಿಡ್ಡಿನ ಬೆರಳಿಂದ ಬೋಲ್ಟು ಜಾರುತ್ತಿತ್ತು. ಹತ್ತೂ ತಲೆ ಒಂದೇ ಮಟ್ಟಕ್ಕೆ ಬಂದಾಗ ಸಂಜೆ ಆರು ಗಂಟೆ. ಎದುರುಬದುರು ಬಿಗಿಯತೊಡಗಿದೆ.

ಪಕ್ಕದ ಮನೆಯ ಶಿವಗಂಗವ್ವ ಹಾಲಿನ ಕ್ಯಾನು ತಂದಳು. "ಏನೋ ಕುಬೇರ, ಗಾಡಿ ಎದ್ದೀತ?"

"ಏಳತೈತಿ ಯವ್ವಾ, ಇನ್ನ ಆರ ಬೋಲ್ಟು."

"ನಿನ್ನೆನೂ ಏಳತೈತಿ ಅಂದಿದ್ದಿ."

ಅವಳು ಕಟ್ಟೆಯ ಮೇಲೆ ಕುಳಿತಳು. ಉಳಿದ ನಾಲ್ಕು ಕ್ಯಾನೂ ಬಂದವು. ಶಿವಗಂಗವ್ವ ಸ್ವಲ್ಪ ಹೊತ್ತು ನನ್ನ ಕೈ ನೋಡಿ, ಮೊಬೈಲು ತೆಗೆದು ಪ್ರತಾಪನನ್ನು ಕರೆದಳು. ಸ್ಪಾನರ್ ಹಿಡಿದವನು ನಾನು ಮೇಲೇಳಲಿಲ್ಲ. ಹತ್ತು ನಿಮಿಷದಲ್ಲಿ ಆಟೋ ಬಂತು, ಕ್ಯಾನು ಏರಿದವು.

"ನೀವು ಆರಾಮ ಬಿಗೀರಿ ಕಾಕಾ. ನಾಳಿಂದ ನಾನ ಬರ್ತೇನಿ" ಎಂದ ಪ್ರತಾಪ.

"ಮುಂಜಾನಿ ಐದಕ್ಕ ಬರ್ತೀಯೇನ್ಲೇ?" ಶಿವಗಂಗವ್ವ ಕೇಳಿದಳು.

"ಐದಕ್ಕ? ಏಳಕ್ಕ ಬಂದ್ರ ನಡೆಯೂದಿಲ್ಲೇನು ಆಯಿ?"

"ಏಳಕ್ಕ ಡೇರ್‍ಯಾಗ ಕ್ಯಾನ ತೊಳದು ಬೋರಲ ಹಾಕಿರ್ತಾರ. ಹೋಗು, ಸಂಜಿದಷ್ಟ ನೀ ಒಯ್ಯಿ." ನನ್ನ ಕಡೆ ತಿರುಗಿದಳು. "ಮುಂಜಾನಿದು ನಿಂದು. ಬಿಗಿ ಬಿಗಿ."

ಉಳಿದ ಮನೆಯವರೂ ಹೂಂ ಅಂದರು. ಹನ್ನೊಂದು ವರ್ಷದ ಕೆಲಸದಲ್ಲಿ ಅರ್ಧ ಆಟೋ ಹತ್ತಿ ಹೋಯಿತು, ಅರ್ಧ ಉಳಿಯಿತು. ಕೊನೆಯ ಬೋಲ್ಟು ಬಿಗಿದು, ಎಣ್ಣೆ ಸುರಿದು ಕಿಕ್ ಹೊಡೆದೆ. ನಾಲ್ಕನೆಯದಕ್ಕೆ ಬೈಕು ಎದ್ದಿತು. ಹೋಗುವ ಊರಿಲ್ಲದೆ ಅಂಗಳದಲ್ಲೇ ಗುರುಗುಟ್ಟಿತು.

ಗೌರಾ ಬಕೀಟು ತಂದು ನನ್ನ ಮುಂದಿಟ್ಟಳು. "ಇನ್ನ ಸಂಜಿ ಮುಂದ ಮನ್ಯಾಗ ಇರ್ತೀರಲ್ಲ. ನಾಳಿಂದ ಕರೀ ಎಮ್ಮಿ ನೀವ ಹಿಂಡ್ರಿ. ನನ್ನ ಕೈನೂ ಸೋತಾವ."